ಜೀರಗಿಗೆ ಹಗ್ಗ ಕಲಿಸಿದ ಸುಗಲಮ್ಮ

ಸುರಪುರದ ಗುಡ್ಡದ ಬುಡಕ್ಕಿರುವ ನಮ್ಮ ಓಣಿಯಲ್ಲಿ ಸುಗಲಮ್ಮನ ಹೆಸರು ತೆಗೆದರೆ ಈಗಲೂ ಯಾರಾದರೊಬ್ಬರು, "ಯಾರು, ಆ ನಾಯಿ ಮುದುಕಿ ಏನು?" ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ನಾನು ಕಂಡ ಸುಗಲಮ್ಮನ ಮನೆಯಲ್ಲಿ ನಾಯಿ ಇರಲೇ ಇಲ್ಲ. ಯಾರಾದರೂ ತಮ್ಮ ನಾಯಿಯನ್ನು ಕಟ್ಟಿ ಹಾಕಿದ್ದು ಕಂಡರೆ ಮಾತ್ರ ಒಳಗೆ ನುಗ್ಗಿ ಬಿಚ್ಚಿ ಬಿಟ್ಟು ಬರುತ್ತಿದ್ದಳು, ಬೈಸಿಕೊಳ್ಳುತ್ತಿದ್ದಳು. ಅಷ್ಟಕ್ಕೇ ಆ ಹೆಸರು. ಉಳಿದಂತೆ ಆಕೆ ಗುಡ್ಡದಿಂದ ಕಟ್ಟಿಗೆ ತಂದು ಮಾರುವವಳು, ಸುಗ್ಗಿಯಲ್ಲಿ ಜೋಳ ಕೊಯ್ಯುವವಳು, ಸೀತಾಫಲದ ಕಾಲಕ್ಕೆ ಬುಟ್ಟಿ ಹೊತ್ತು ರಂಗಂಪೇಟೆಗೆ ಹೋಗುವವಳು. ನಮ್ಮವ್ವ ಸಾಯಬಮ್ಮನಿಗೆ ಜೀವದ ಗೆಳತಿ. ಎರಡು ಮನೆಗೆ ಒಂದೇ ಗೋಡೆ. ನಾನು ಈಗ ಹೇಳುವುದು ನಾನು ಹುಟ್ಟುವ ಮೊದಲು, ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ನಡೆದದ್ದು. ಅವ್ವ ಹೇಳಿದ್ದನ್ನು ಕೇಳಿ ಕೇಳಿ ಕಣ್ಣಾರೆ ಕಂಡ ಹಾಗಾಗಿದೆ. ಈ ಕಥೆ ಹೇಳುವಾಗ ಅವ್ವನಿಗೆ ಸಿಟ್ಟು ನೆತ್ತಿಗೇರಿ, ನಡುವೆಯೇ ನಿಲ್ಲಿಸಿ ಒಲೆಗೆ ಬೈಯುತ್ತಿದ್ದಳು. ನನಗೂ ಅದೇ ಗುಣ ಬಂದಿದೆ, ಸ್ವಲ್ಪ ತಾಳಿಕೊಳ್ಳಿ.

ಸುಗಲಮ್ಮನ ಗಂಡ ಪರಮಣ್ಣ ಬೇಟೆಯವನು. ನಮ್ಮ ಬೇಡರ ಓಣಿಯಲ್ಲಿ ಬೇಟೆಯವರಿಗೇನು ಕಡಿಮೆ ಇರಲಿಲ್ಲ. ಆದರೆ ನಾಯಿ ತಿದ್ದಿಸಬೇಕೆಂದರೆ ಎಲ್ಲರೂ ಅವನ ಬಾಗಿಲಿಗೇ ಬರುತ್ತಿದ್ದರು. ಉದ್ದ ಕಾಲಿನ, ಒಳಗೆ ಹೋದ ಹೊಟ್ಟೆಯ ಬೇಟೆ ನಾಯಿಗಳು ಅವು. ಹತ್ತಾರು ಮನೆಯವರು ಕೂಡಿ ಗುಡ್ಡಕ್ಕೆ ಹೋದಾಗ ನಾಯಿ ಒಬ್ಬನ ಕೈಯಲ್ಲೇ ಉಳಿಯುವುದಿಲ್ಲ. ಬಲೆ ಕಟ್ಟಲು ಹೋಗುವವನು ತನ್ನ ನಾಯಿಯ ಹಗ್ಗವನ್ನು ಪಕ್ಕದವನಿಗೆ ಕೊಡುತ್ತಾನೆ, ಅವನು ಮುಂದಿನ ತಿರುವಿನಲ್ಲಿ ನಿಂತವನಿಗೆ ಕೊಡುತ್ತಾನೆ. ಹಗ್ಗ ಎಷ್ಟು ಕೈ ಬದಲಾದರೂ ನಾಯಿ ಗುರ್ ಅನ್ನಬಾರದು, ಎಳೆಯಬಾರದು. ಸಪ್ಪಳಾದರೆ ಬೇಟೆ ಓಡಿ ಹೋಗುತ್ತದೆ. ಅದಕ್ಕೇ ಪರಮಣ್ಣ ತಿದ್ದಿದ ನಾಯಿ ಮನುಷ್ಯರ ಮುಖ ನೋಡುತ್ತಿರಲಿಲ್ಲ. ಹಗ್ಗ ಯಾರ ಕೈಯಲ್ಲಿದೆಯೋ ಅವರ ಕಾಲಿನ ಪಕ್ಕ ನಡೆಯುತ್ತಿತ್ತು. ಹಗ್ಗ ಹೊಸೆಯುವುದು, ಮರಿಗಳಿಗೆ ಅದರ ರೂಢಿ ಹಚ್ಚುವುದು ಸುಗಲಮ್ಮನ ಪಾಲಿನ ಕೆಲಸ. ನಾಯಿಗೆ ಹಗ್ಗ ಕಲಿಸಲು ಬೇರೆ ರೀತಿಯೂ ಇರಬಹುದು ಎಂಬುದು ಆಕೆಗೆ ಗೊತ್ತಿರಲಿಲ್ಲ.

ಪರಮಣ್ಣ ಕಾಡುಹಂದಿ ತಿವಿದು ಸತ್ತ. ನಾಯಿಗಳನ್ನು ನೆಂಟರು ಹಂಚಿಕೊಂಡು ಒಯ್ದರು. ಮನೆಯಲ್ಲಿ ಉಳಿದವರು ಸುಗಲಮ್ಮ ಮತ್ತು ಮಗ ಅಂಬ್ರಪ್ಪ, ಇಬ್ಬರೇ. ಆಗ ಅಂಬ್ರಪ್ಪನಿಗೆ ಮೀಸೆ ಚಿಗುರುತ್ತಿತ್ತು. ಅವನೊಂದು ದಿನ ರುಮಾಲಿನಲ್ಲಿ ಏನನ್ನೋ ಸುತ್ತಿಕೊಂಡು ಬಂದ. ಬಂಗಲೆಯ ಸಾಹೇಬರೊಬ್ಬರು ಹೈದರಾಬಾದಿನಿಂದ ತಂದಿದ್ದ ಗಿಡ್ಡ ಜಾತಿಯ ನಾಯಿಗೂ ನಮ್ಮ ಓಣಿಯ ಯಾವುದೋ ನಾಯಿಗೂ ಹುಟ್ಟಿದ ಮರಿ. ಸುಗಲಮ್ಮ ನೋಡಿ ಬಿದ್ದು ಬಿದ್ದು ನಕ್ಕಳಂತೆ.

"ಇದೇನಲೇ ಇದು, ನಾಯೋ ಇಲಿಯೋ? ಇದನ್ನ ತೊಗೊಂಡು ಬ್ಯಾಟಿಗೆ ಹೋದ್ರ ಮೊಲಾನ ಇದನ್ನ ಓಡಿಸ್ಯಾಡ್ತದ!"

"ನಗಬ್ಯಾಡ ಯವ್ವಾ, ಬೆಳೀತದ," ಅಂದ ಅಂಬ್ರಪ್ಪ.

ಬೆಳೆಯಲಿಲ್ಲ. ಬೆಕ್ಕಿಗಿಂತ ಸ್ವಲ್ಪ ದೊಡ್ಡದಾಗಿ ನಿಂತುಬಿಟ್ಟಿತು. ಜೀರಿಗೆ ಕಾಳಿನಷ್ಟು ಇದೆ ಎಂದು ಜೀರಗಿ ಅಂತಲೇ ಕರೆದರು. ಗಾತ್ರ ಜೀರಿಗೆಯಷ್ಟಿದ್ದರೂ ಸಿಟ್ಟು ಮಾತ್ರ ಮೆಣಸಿನಕಾಯಿ. ಅಂಬ್ರಪ್ಪನನ್ನು ಬಿಟ್ಟು ಯಾರು ಕೈ ಹಾಕಿದರೂ ಕಚ್ಚುತ್ತಿತ್ತು. ನಮ್ಮವ್ವನಿಗೆ ಕಚ್ಚಿದೆ. ಎದುರು ಮನೆಯ ಮಮ್ತಾಜ, ಬಳೆ ಮಾರುವವಳು, ಆಕೆಯ ಸೆರಗು ಹರಿದಿದೆ. ಸುಗಲಮ್ಮನೇ ರೊಟ್ಟಿ ಹಾಕಿದರೂ ರೊಟ್ಟಿ ತಿಂದು ಆಕೆಗೇ ಗುರ್ ಅನ್ನುತ್ತಿತ್ತು. ಅಂಬ್ರಪ್ಪ ಮಲಗಿದರೆ ಅವನ ಪಾದದ ಮೇಲೆ ಗದ್ದ ಇಟ್ಟು ಮಲಗುತ್ತಿತ್ತು. ಅವನು ಬಹಿರ್ದೆಸೆಗೆ ಹೋದರೂ ಹಿಂದೆ ಹೋಗುತ್ತಿತ್ತು, ನಾಚಿಕೆ ಇಲ್ಲದ್ದು.

ಆ ವರ್ಷ ಅಂಬ್ರಪ್ಪ ಸರ್ಕಾರಿ ಕಾಡಿನೊಳಗೆ ಜಿಂಕೆ ಕೆಡವಿದ. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಬೇಟೆಯಾಡಿದ ಗುಡ್ಡ ಯಾವಾಗ ಸರ್ಕಾರದ್ದಾಯಿತು ಎಂದು ಆ ಹುಡುಗನಿಗೆ ಯಾರು ಹೇಳಿದ್ದರು? ಜವಾನರು ಬಂದು ಹಿಡಿದರು. ಒಂದು ವರ್ಷ ಸಜಾ ಆಯಿತು, ಕಲಬುರ್ಗಿ ಜೇಲು. ಕರೆದೊಯ್ಯುವಾಗ ಜೀರಗಿ ಜವಾನನ ಪಟ್ಟಿ ಸುತ್ತಿದ ಕಾಲಿಗೆ ಜೋತುಬಿದ್ದಿತ್ತು. ಅಂಬ್ರಪ್ಪನೇ ಬಿಡಿಸಿ ತಾಯಿಯ ಕೈಗೆ ಕೊಟ್ಟ.

"ಯವ್ವಾ, ನನ್ನ ಚಿಂತಿ ಮಾಡಬ್ಯಾಡ. ಇದನ್ನ ಜ್ವಾಕಿ ಮಾಡು. ನಾ ಬರೂ ತನಕ ಇದು ಇರಬೇಕು ನೋಡು," ಅಂದ.

"ಇರ್ತದಪಾ. ನನ್ನ ಜೀವ ಹೋದ್ರೂ ಇದು ಇರ್ತದ," ಅಂದಳು ಸುಗಲಮ್ಮ.

ಕಲಬುರ್ಗಿ ಎಲ್ಲಿದೆ ಎಂದೇ ಆಕೆಗೆ ಗೊತ್ತಿರಲಿಲ್ಲ. ಮಗನಿಗೆ ರೊಟ್ಟಿ ಕಟ್ಟಿ ಕಳಿಸುವ ಹಾಗಿಲ್ಲ, ಮುಖ ನೋಡುವ ಹಾಗಿಲ್ಲ, ಜ್ವರ ಬಂದರೆ ತಲೆ ಒತ್ತುವ ಹಾಗಿಲ್ಲ. ಮಗನಿಗಾಗಿ ಮಾಡಬಹುದಾದ ಕೆಲಸ ಎಂದು ಆಕೆಗೆ ಉಳಿದದ್ದು ಇದೊಂದೇ, ಈ ಕಚ್ಚುವ ಸಣ್ಣ ನಾಯಿಯನ್ನು ಬದುಕಿಸಿ ಇಡುವುದು. ಅದನ್ನೇ ಹಿಡಿದುಕೊಂಡಳು.

ಬೇಸಿಗೆಯಲ್ಲಿ ಬಜಾರಿನಲ್ಲಿ ಒಂದು ಹುಚ್ಚುನಾಯಿ ಮೂರು ನಾಲ್ಕು ಮಂದಿಯನ್ನು ಕಚ್ಚಿತು. ಅವರಲ್ಲೊಬ್ಬ ಸತ್ತ. ಮರುದಿನವೇ ಓಣಿ ಓಣಿಯಲ್ಲಿ ಡಂಗುರ ಹೊಡೆದರು: ಹಗ್ಗ ಇಲ್ಲದೆ ತಿರುಗುವ ನಾಯಿಗಳನ್ನೆಲ್ಲ ಹೊಡೆದು ಹಾಕಲು ಹುಕುಂ ಆಗಿದೆ, ಸಾಕಿದವರು ತಮ್ಮ ನಾಯಿಯನ್ನು ಹಗ್ಗದಲ್ಲಿ ಇಟ್ಟುಕೊಳ್ಳತಕ್ಕದ್ದು. ಹೊಡೆಯಲು ಹೊರಗಿನಿಂದ ಇಬ್ಬರನ್ನು ಕರೆಸಿದ್ದರು. ಕೈಯಲ್ಲಿ ಕಬ್ಬಿಣದ ಕಟ್ಟು ಹಾಕಿದ ಬಡಿಗೆ. ಬಂದ ದಿನವೇ ನಮ್ಮ ಓಣಿಯಲ್ಲಿ ಒಂದು ಹಿತ್ತಿಲಿಗೆ ಹೊಕ್ಕು, ಮಲಗಿದ್ದ ನಾಯಿಯನ್ನು ಹೊರಗೆಳೆದರು. ಓಣಿಯ ಉಳಿದ ನಾಯಿಗಳಿಗೆ ವಾಸನೆ ಬಡಿಯಿತೋ ಏನೋ, ಒಂದೊಂದಾಗಿ ಗುಡ್ಡ ಹತ್ತಿ ಮಾಯವಾದವು.

ಜೀರಗಿಯೂ ಗುಡ್ಡದ ಕಡೆಗೆ ಓಡಿತ್ತು. ಸುಗಲಮ್ಮ ಹಿಂದೆಯೇ ಓಡಿ, ಮುಳ್ಳುಕಂಟಿಯಲ್ಲಿ ಕೈ ತೂರಿಸಿ, ಕಚ್ಚಿಸಿಕೊಂಡು, ಎತ್ತಿಕೊಂಡು ಬಂದಳು. ಇಲ್ಲೇ ಅವ್ವ ಕಥೆ ನಿಲ್ಲಿಸಿ ಒಲೆಗೆ ಬೈಯುತ್ತಿದ್ದದ್ದು. ಗುಡ್ಡದಲ್ಲಿ ಚಿರತೆ ಇದ್ದವು, ನಿಜ. ಅಂಗೈಯಷ್ಟು ನಾಯಿ ಅಲ್ಲಿ ಒಂದು ರಾತ್ರಿ ಉಳಿಯುವುದಿಲ್ಲ ಎಂದೇ ಆಕೆ ತಿಳಿದಳು. ಯಾರಾದರೂ ಹಾಗೇ ತಿಳಿಯುತ್ತಿದ್ದರು.

ಮರುದಿನದಿಂದ ಹಗ್ಗದ ಪಾಠ ಶುರುವಾಯಿತು. ಪುಂಡಿ ನಾರಿನ ಹಗ್ಗ ಕುತ್ತಿಗೆ ಕೊರೆಯುತ್ತದೆ ಎಂದು ತನ್ನ ಹಳೆಯ ಸೀರೆಯೊಂದನ್ನು ಹರಿದು ಮೆತ್ತಗೆ ಹೊಸೆದಳು. ಮೊದಲು ಅದನ್ನು ಜೀರಗಿಯ ಕೊರಳಿಗೆ ಹಾಕಿ ಸುಮ್ಮನೆ ಬಿಟ್ಟಳು. ಅದು ಗಿರಗಿರ ತಿರುಗಿತು, ನೆಲಕ್ಕೆ ಬಿದ್ದು ಹೊರಳಿತು, ಹಗ್ಗ ಕಚ್ಚಿತು, ಕೊನೆಗೆ ಸಾಕಾಗಿ ಹಗ್ಗ ಎಳೆದುಕೊಂಡೇ ರೊಟ್ಟಿ ತಿಂದಿತು. ಆಮೇಲೆ ತುದಿ ಹಿಡಿದಳು. ಅದು ಎಳೆದರೆ ನಿಂತುಬಿಡುವುದು. ಬೈಯುವುದಿಲ್ಲ, ಜಗ್ಗುವುದಿಲ್ಲ, ಸುಮ್ಮನೆ ನಿಲ್ಲುವುದು. ಅದು ತಾನೇ ತಿರುಗಿ ಹತ್ತಿರ ಬಂದು ಹಗ್ಗ ಸಡಿಲಾಯಿತೋ, "ಹ್ಞಾಂ, ನಡಿ ನನ್ನವ್ವಾ" ಎಂದು ಒಂದು ಚೂರು ಒಣಮಾಂಸ ಬಾಯಿಗಿಟ್ಟು ಹೆಜ್ಜೆ ಹಾಕುವುದು. ಮನೆಯಿಂದ ಬಾವಿಗೆ ಹೋಗಿ ಬರಲು ಅರ್ಧ ದಿನ ಹೋಗುತ್ತಿತ್ತು. ಕೊಡ ಹೊತ್ತ ಹೆಂಗಸರು ಹಿಂದೆ ನಿಂತು ಗೊಣಗುತ್ತಿದ್ದರು.

"ಏನs ಸುಗಲಮ್ಮ, ನಾಯಿ ನಿನ್ನನ್ನ ತಿದ್ದಾಕತ್ತದೋ, ನೀ ನಾಯಿನ ತಿದ್ದಾಕತ್ತೀಯೋ?" ಎಂದು ಅವ್ವ ಚಾಷ್ಟಿ ಮಾಡುತ್ತಿದ್ದಳು.

"ಇಬ್ಬರೂ ಕಲಿಯಾಕತ್ತೀವಿ. ನೀರಿಗೆ ಅವಸರ ಇದ್ದವರು ಮುಂದ ಹೋಗ್ರಿ," ಅನ್ನುತ್ತಿದ್ದಳು ಸುಗಲಮ್ಮ.

ಮಳೆ ಬೀಳುವ ಹೊತ್ತಿಗೆ ಜೀರಗಿ ಆಕೆಯ ಕಾಲ ಪಕ್ಕ ನಡೆಯಲು ಕಲಿತಿತ್ತು. ಎದುರಿಗೆ ಎತ್ತಿನ ಗಾಡಿ ಬಂದರೂ, ಕೋಳಿ ಓಡಿದರೂ, ಹಗ್ಗ ಸಡಿಲಾಗಿ ತೂಗುತ್ತಲೇ ಇರುತ್ತಿತ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಪರಮಣ್ಣನ ಮನೆಯ ಲೆಕ್ಕದಲ್ಲಿ ಅದು ಅರ್ಧ ಪಾಠ. ಒಬ್ಬರ ಕೈಯಲ್ಲಿ ಮಾತ್ರ ನಡೆಯುವ ನಾಯಿ ತಿದ್ದಿದ ನಾಯಿಯಲ್ಲ. ಜವಾನರು ನಿಲ್ಲಿಸಿದಾಗ ಗುರ್ ಅಂದರೆ? ಬಡಿಗೆಯವರು ಹತ್ತಿರ ಬಂದಾಗ ಹಾರಿ ಕಚ್ಚಿದರೆ? ಹುಚ್ಚು ಹಿಡಿದಿದೆ ಎಂದು ಅಲ್ಲೇ ಹೊಡೆದು ಹಾಕುತ್ತಾರೆ. ಹೀಗೆ ಯೋಚಿಸಿ, ಗಂಡ ಮಾಡುತ್ತಿದ್ದಂತೆಯೇ ಹಗ್ಗವನ್ನು ಕೈಯಿಂದ ಕೈಗೆ ದಾಟಿಸಲು ಶುರು ಮಾಡಿದಳು. ಮೊದಲು ಅವ್ವನ ಕೈಗೆ ಕೊಟ್ಟಳು. ಜೀರಗಿ ಹಲ್ಲು ಕಿಸಿಯಿತು. ಅವ್ವ ಕಲ್ಲಿನ ಹಾಗೆ ನಿಂತಳು, ಒಣಮಾಂಸ ಕೊಟ್ಟಳು, ನಡೆದಳು. ಆಮೇಲೆ ಬಾವಿ ಕಟ್ಟೆಯ ಹೆಂಗಸರು, ಹಾದಿಯಲ್ಲಿ ಸಿಕ್ಕ ಕುಂಬಾರರು, ಯಾರಿಗೆಂದರೆ ಅವರಿಗೆ. "ತಟಗು ಹಿಡೀರಿ ಯಣ್ಣಾ, ಆ ಬೇವಿನ ಗಿಡದ ತನಕ ನಡಸ್ರಿ," ಎಂದು ಗುರುತಿಲ್ಲದವರನ್ನೂ ಕೇಳಿಕೊಳ್ಳುತ್ತಿದ್ದಳು.

ಮಮ್ತಾಜಳಿಗೆ ಮಾತ್ರ ಇದು ಸರಿ ಬರಲಿಲ್ಲ. ಹಗ್ಗ ಕೊಡಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಅಕ್ಕಾ, ಇದು ಶಿಕಾರಿ ನಾಯಿ ಅಲ್ಲ. ಮನಿ ನಾಯಿ. ಎಲ್ಲಾರ ಕೈಗೂ ಯಾಕ ಕೊಡ್ತಿ? ನಿನ್ನ ಕೈ ಒಂದ ಗೊತ್ತಿದ್ರ ಬಸ್ ಆತು."

"ನಿನಗ ತಿಳಿಯಂಗಿಲ್ಲ ತಂಗಿ. ನಮ್ಮ ಮನ್ಯಾಗ ನಾಯಿ ಹಿಂಗs ತಿದ್ದತಾರ."

"ನನ್ನ ಸೆರಗು ಹರದಿತ್ತಲ್ಲ, ಆ ಜೀರಗಿನs ನನಗ ಛಲೋ ಅನಸತಿತ್ತು," ಅಂದಳಂತೆ ಮಮ್ತಾಜ. ಎಲ್ಲರೂ ನಕ್ಕರು, ಮಾತು ಅಲ್ಲಿಗೇ ಮುಗಿಯಿತು.

ಸೀತಾಫಲ ಬರುವ ಹೊತ್ತಿಗೆ ಜೀರಗಿ ಊರಿಗೇ ಹೆಸರುವಾಸಿ. ಸುಗಲಮ್ಮ ತಲೆಯ ಮೇಲೆ ಬುಟ್ಟಿ, ಕೈಯಲ್ಲಿ ಹಗ್ಗ ಹಿಡಿದು ಬಜಾರಿನಲ್ಲಿ ಹೋಗುತ್ತಿದ್ದರೆ ಅಂಗಡಿಯವರು ತಕ್ಕಡಿ ಬಿಟ್ಟು ನೋಡುತ್ತಿದ್ದರು. ಬಡಿಗೆ ಹಿಡಿದ ಆ ಇಬ್ಬರು ಚಹಾದಂಗಡಿಯ ಮುಂದೆ ಕೂತಿರುತ್ತಿದ್ದರು. ಜೀರಗಿ ಅವರ ಮುಂದೆಯೇ ತಲೆ ತಗ್ಗಿಸಿ ಹೋಗುತ್ತಿತ್ತು. ಸುಗಲಮ್ಮನಿಗೆ ಆಗ ಎದೆ ಉಬ್ಬುತ್ತಿತ್ತು. ಗಂಡ ಸತ್ತ ಮೇಲೆ ಆಕೆ ತಲೆ ಎತ್ತಿ ನಡೆದದ್ದು ಅಷ್ಟು ದಿನ ಮಾತ್ರ ಎಂದು ಅವ್ವ ಹೇಳುತ್ತಿದ್ದಳು.

ಅಂಬ್ರಪ್ಪನ ಸಜಾ ಮುಗಿಯುತ್ತ ಬಂದಿತ್ತು. ಯಾವಾಗ ಬಿಡುತ್ತಾರೆ ಎಂದು ಕೇಳಲು ಸುಗಲಮ್ಮ ಕಚೇರಿಗೆ ಹೋದಳು. ಅವತ್ತು ಅವ್ವ ತನ್ನ ತವರು ಸಗರಕ್ಕೆ ಹೋಗಿದ್ದಳು, ಮಮ್ತಾಜ ಬಳೆ ಮಲಾರ ಹೊತ್ತು ಹಳ್ಳಿಗೆ ಹೋಗಿದ್ದಳು. ಹಿತ್ತಿಲಿನಿಂದಲೇ ನಾಯಿ ಎಳೆದೊಯ್ದವರಿರುವಾಗ ಮನೆಯಲ್ಲಿ ಒಂಟಿ ಬಿಡಲು ಧೈರ್ಯ ಬರಲಿಲ್ಲ, ಜೀರಗಿಯನ್ನು ಜೊತೆಗೇ ಕರೆದೊಯ್ದಳು. ಬಾಗಿಲಲ್ಲಿ ಜವಾನ ತಡೆದ. ನಾಯಿ ಒಳಗೆ ಬಿಡುವುದಿಲ್ಲ, ಹೊರಗೆ ಕಟ್ಟು ಅಂದ. ಎದುರಿಗಿದ್ದ ಹುಣಸೆ ಮರದ ಬೇರಿಗೆ ಹಗ್ಗ ಕಟ್ಟಿದಳು. ನೆರಳಿತ್ತು, ಹಾದಿಯಲ್ಲಿ ಜನರಿದ್ದರು, ಕೊರಳಲ್ಲಿ ಹಗ್ಗವಿತ್ತು. ಇನ್ನೇನು ಭಯ ಎಂದುಕೊಂಡಳು.

ಒಳಗೆ ಬಹಳ ಹೊತ್ತು ಕೂರಿಸಿದರು. ಕೊನೆಗೆ ಗುಮಾಸ್ತನೊಬ್ಬ ಕರೆದು, "ಮುಂದಿನ ತಿಂಗಳ ಬಿಡ್ತಾರಬೇ ನಿನ್ನ ಮಗನ್ನ. ಯಾದಗಿರಿ ತನಕ ರೈಲಿಗೆ ಬರ್ತಾನ. ಹೋಗು, ಮನಿ ಸಾರಿಸ್ಕೊ," ಅಂದ. ಒಳ್ಳೆಯ ಮನುಷ್ಯ. ಸುಗಲಮ್ಮ ಅವನಿಗೆ ಕೈ ಮುಗಿದು, ಬಾಗಿಲಲ್ಲಿದ್ದ ಜವಾನನಿಗೂ ಕೈ ಮುಗಿದು, "ಜೀರಗೀ, ಬರಾಕತ್ತಾನ ನಿಮ್ಮಣ್ಣ!" ಎಂದು ಕೂಗುತ್ತಲೇ ಮೆಟ್ಟಿಲು ಇಳಿದಳು.

ಹುಣಸೆ ಮರದ ಬುಡದಲ್ಲಿ ಏನೂ ಇರಲಿಲ್ಲ.

ಬೀಡಿ ಮಾರುವವನು ಹೇಳಿದ. ಆ ಇಬ್ಬರು ಬಂದರು, ಹಗ್ಗ ಬಿಚ್ಚಿದರು. ನಾಯಿ ಎದ್ದು ಮೈ ಕೊಡವಿ ಅವರ ಜೊತೆ ನಡೆಯಿತು. ನಾಯಿಗಳೆಲ್ಲ ಗುಡ್ಡ ಸೇರಿ ಎಷ್ಟೋ ದಿನದಿಂದ ಅವರಿಗೆ ಒಂದೂ ಸಿಕ್ಕಿರಲಿಲ್ಲ, ಮೇಲಿನವರು ಛೀಮಾರಿ ಹಾಕಿದ್ದರಂತೆ. "ನಾಯಿ ಒದರಿದ್ರ, ಜಗ್ಗ್ಯಾಡಿದ್ರ ನಾವು ಕೇಳ್ತಿದ್ವಿ ಯವ್ವಾ. ಅವರ ಕಾಲ ಬಾಜೂಕ ಸುಮ್ನ ಹೊಂಟಿತ್ತು. ಎಲ್ಲಾರ ಕೈಗೂ ಕೊಟ್ಟಂಗ ನೀವs ಅವರ ಕೈಗೂ ಹಗ್ಗ ಕೊಟ್ಟೀರಿ ಅಂದ್ಕೊಂಡ್ವಿ," ಅಂದ ಅವನು. ಬಜಾರಿನುದ್ದಕ್ಕೂ ಎಲ್ಲರೂ ಇದೇ ಮಾತು ಹೇಳಿದರು. ಎಲ್ಲರೂ ಕಂಡಿದ್ದರು. ಜೀರಗಿ ಊರಿನ ನಡುವೆ, ಹಾಡಹಗಲಿನಲ್ಲಿ, ಹಗ್ಗ ಸಡಿಲಾಗಿ ತೂಗುತ್ತಿರಲು, ಅವರ ಜೊತೆ ನಡೆದು ಹೋಗಿತ್ತು.

ಸುಗಲಮ್ಮ ಓಡಿದಳು. ಊರ ಹೊರಗಿನ ತಗ್ಗಿನ ಹತ್ತಿರ ಆ ಇಬ್ಬರು ಎದುರಿಗೇ ಬಂದರು. ಒಬ್ಬ ಹಗ್ಗವನ್ನು ಸುತ್ತಿ ಹಿಡಿದಿದ್ದ. ಆಕೆಯನ್ನು ಕಂಡು ಅವನಿಗೂ ಒಂದು ನಮೂನೆ ಆಗಿರಬೇಕು.

"ಕಟ್ಟಿ ಹಾಕಿದ್ದು ಯಾರದಂತ ನಮಗೇನು ಗೊತ್ತವ್ವಾ? ಭಾಳ ಶಾಣ್ಯಾ ನಾಯಿ. ಹಿಂಗ ನಡಿಯೂ ನಾಯಿ ನಾವು ಕಂಡಿಲ್ಲ. ತೊಗೊ, ನಿನ್ನ ಹಗ್ಗ," ಅಂದ, ಚಹಾದಂಗಡಿಯ ಮುಂದೆ ದಿನಾ ಇಬ್ಬರನ್ನೂ ಕಂಡಿದ್ದವನು.

ಆಕೆ ಹಗ್ಗ ತೆಗೆದುಕೊಂಡಳು. ಅವರ ಮುಖಕ್ಕೆ ಉಗಿಯಲಿಲ್ಲ, ಮಣ್ಣು ತೂರಲಿಲ್ಲ. ನಾನಾಗಿದ್ದರೆ ಅವನ ಬಡಿಗೆಯಿಂದಲೇ ಅವನ ಮೊಣಕಾಲು ಮುರಿಯುತ್ತಿದ್ದೆ, ಅದು ಬೇರೆ ಮಾತು. ತಗ್ಗಿಗೆ ಇಳಿದು ಜೀರಗಿಯನ್ನು ಸೆರಗಿನಲ್ಲಿ ಎತ್ತಿಕೊಂಡು ಬಂದು ಹಿತ್ತಿಲಿನಲ್ಲಿ ಹೂಳಿದಳು. ಅವ್ವ ಸಗರದಿಂದ ಬಂದಾಗ ಆಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳಂತೆ. ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಓಣಿಯವರು ಬಂದು ಸಮಾಧಾನ ಹೇಳಿದರು. ನಿನ್ನ ತಪ್ಪೇನೂ ಇಲ್ಲ, ಆ ಪಾಪಿಗಳ ಕೈ ಸೇದಿ ಹೋಗಲಿ, ಅದರ ಆಯುಷ್ಯವೇ ಅಷ್ಟು ಅಂದರು. ಮಮ್ತಾಜ ಮಾತ್ರ ಪಕ್ಕದಲ್ಲಿ ಕೂತು ಅತ್ತಳು. ಸುಗಲಮ್ಮ ಎಲ್ಲರಿಗೂ "ಹೌದು, ಹೌದು" ಅಂದಳು.

ಇನ್ನೂ ಒಂದು ಕೇಳಿ. ಕೆಲವೇ ದಿನಗಳಲ್ಲಿ ಹುಕುಂ ಸಡಿಲಾಯಿತು, ಆ ಇಬ್ಬರು ತಮ್ಮೂರಿಗೆ ಹೋದರು. ಗುಡ್ಡ ಹತ್ತಿದ್ದ ನಾಯಿಗಳು ಒಂದೊಂದಾಗಿ ಇಳಿದು ಬಂದವು, ಕೆಲವು ಮರಿಗಳನ್ನೂ ಕರೆದುಕೊಂಡು. ಸುಗಲಮ್ಮ ಅವಕ್ಕೆ ದಿನಾ ರೊಟ್ಟಿ ಹಾಕುತ್ತಿದ್ದಳು, ಅವು ತಿನ್ನುವುದನ್ನು ನೋಡುತ್ತ ನಿಲ್ಲುತ್ತಿದ್ದಳು.

ಅಂಬ್ರಪ್ಪ ಬರುವ ದಿನ ಹತ್ತಿರವಾದಂತೆ ಆಕೆಗೆ ಊಟ ಸೇರಲಿಲ್ಲ. ಅವನು ಓಣಿಗೆ ಕಾಲಿಟ್ಟೊಡನೆ ನಾಯಿಯ ಹೆಸರು ಕೂಗುತ್ತಾನೆ, ಅದು ಬರುವುದಿಲ್ಲ. ಅದನ್ನು ತಾನು ನೋಡಲಾರೆ, ಹಾದಿಯಲ್ಲೇ ಹೇಳಿಬಿಡುತ್ತೇನೆ ಅಂದಳು. ಕಚೇರಿಯಲ್ಲಿ ದಿನ ಕೇಳಿಕೊಂಡು, ಅವ್ವನನ್ನು ಕರೆದುಕೊಂಡು ಸರ್ವಿಸ್ ಮೋಟಾರು ಬಸ್ಸು ಹತ್ತಿ, ಶಹಾಪುರದ ಮೇಲೆ ಹಾದು, ಭೀಮಾ ದಾಟಿ ಯಾದಗಿರಿ ಸ್ಟೇಷನ್ನಿಗೆ ಹೋದಳು. ಇಬ್ಬರೂ ಅಲ್ಲಿಯವರೆಗೆ ರೈಲು ಕಂಡವರಲ್ಲ.

ಅಂಬ್ರಪ್ಪ ಇಳಿದ. ತಲೆ ಬೋಳಿಸಿದ್ದರು, ಕೊರಳ ಎಲುಬು ಕಾಣುತ್ತಿತ್ತು. ತಾಯಿಯ ಪಾದ ಮುಟ್ಟಿ ಎದ್ದವನು ನಗುತ್ತಲೇ ಕೇಳಿದ.

"ಹ್ಯಾಂಗದವ್ವಾ ನಮ್ಮ ಜೀರಗಿ? ಯಾರ್ ಯಾರಿಗೆ ಕಚ್ಚ್ಯಾದ?"

ಸುಗಲಮ್ಮ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಡಂಗುರ, ಸೀರೆಯ ಹಗ್ಗ, ಹುಣಸೆ ಮರ, ಒಂದನ್ನೂ ಬಿಡಲಿಲ್ಲ. ಜನ ಇಳಿದು ಹೋದರು, ರೈಲೂ ಹೋಯಿತು. ಅಂಬ್ರಪ್ಪ ಕೇಳುತ್ತ ನಿಂತಿದ್ದ.

"ಹಿಡಕೊಂಡು ಹೋಗೂ ಮುಂದ ಕಚ್ಚಲಿಲ್ಲೇನು ಅದು?" ಅಂದ.

"ಇಲ್ಲಪಾ. ಸುಮ್ನ ಹೋತು. ಹಂಗ ಹೋಗಾಕ ನಾನs ಕಲಿಸಿದ್ದೆ."

ಅಂಬ್ರಪ್ಪ ಹಳಿಯ ಕಡೆ ಮುಖ ತಿರುಗಿಸಿದ. ಆಮೇಲೆ ಅಂದ:

"ನೀ ಕಲಿಸದs ಬಿಟ್ಟಿದ್ರ ಕಚ್ಚಿ ಓಡಿ ಹೋಗ್ತಿತ್ತವ್ವಾ. ಇವತ್ತು ಇರ್ತಿತ್ತು."

ಅವ್ವನಿಗೆ ಎಲ್ಲಿತ್ತೋ ಸಿಟ್ಟು. "ಹೆತ್ತಾಕಿಗೆ ಹಿಂಗಂತಾರೇನಲೇ ಭಾಡ್ಯಾ!" ಎಂದು ಹೊಡೆಯಲು ಕೈ ಎತ್ತಿಬಿಟ್ಟಳು. ಸುಗಲಮ್ಮ ಆ ಕೈ ಹಿಡಿದಳು.

"ಬ್ಯಾಡ ಸಾಯಬಮ್ಮ, ಬಿಡು. ಇಷ್ಟು ದಿನ ಎಲ್ಲಾರೂ ನಿನ್ನ ತಪ್ಪಿಲ್ಲ, ನಿನ್ನ ತಪ್ಪಿಲ್ಲ ಅಂದ್ರಿ. ಈ ಮಾತು ಯಾರರ ಅಂದಾರೇನಂತ ಕಾಯಾಕತ್ತಿದ್ದೆ ನಾನು," ಅಂದಳು.

ಹಾಗೆಂದವಳು ಸ್ಟೇಷನ್ನಿನ ನೆಲದ ಮೇಲೆಯೇ ಕುಸಿದು, ಹಿತ್ತಿಲಿನಲ್ಲಿ ಹೂಳಿದ ದಿನ ಬಾರದಿದ್ದ ಅಳುವನ್ನೆಲ್ಲ ಅತ್ತಳು. ಅಂಬ್ರಪ್ಪ ಪಕ್ಕದಲ್ಲಿ ಕೂತು ತಾಯಿಯ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡ, ತಾನೂ ಅತ್ತ. ಅವ್ವನೂ ಅಲ್ಲೇ ಕೂತಳು. ಸಂಜೆಯ ಮೋಟಾರು ಹಾರ್ನು ಹೊಡೆದು ಹೊರಟು ಹೋಯಿತು, ಮೂವರಲ್ಲಿ ಯಾರೂ ಏಳಲಿಲ್ಲ.